ಕಡಿಮೆ ದರದ ಫ್ಯಾನು, ಹೆಚ್ಚಿನ ಬಿಲ್ಲು

ಮಳಿಗೆ ಹಾಕಿರುವ ಉದ್ಯಮಿಗಳೇ, ಆಸ್ಪತ್ರೆ, ಹಾಸ್ಟೆಲ್, ವಿಶ್ವವಿದ್ಯಾಲಯ, ನಿಗಮಗಳಿಂದ ಬಂದಿರುವ ಖರೀದಿ ಅಧಿಕಾರಿಗಳೇ,

ಹಸಿರು ಖರೀದಿಯ ಪ್ರದರ್ಶನವೆಂದರೆ ಭೂಮಿತಾಯಿಯಿಂದ ಮಾತು ಶುರುಮಾಡುವುದು ವಾಡಿಕೆ. ನಾನು ಸೀಲಿಂಗ್ ಫ್ಯಾನಿನಿಂದ ಶುರುಮಾಡುತ್ತೇನೆ.

ಹಾಸ್ಟೆಲ್ಲುಗಳಲ್ಲಿ ತಿರುಗುವ ಹಳೆಯ ಮಾದರಿಯ ಫ್ಯಾನು ಸುಮಾರು 75 ವ್ಯಾಟ್ ಎಳೆಯುತ್ತದೆ. ಬಿಎಲ್‌ಡಿಸಿ ಮೋಟಾರಿನ ಹೊಸ ಫ್ಯಾನಿಗೆ 30ರ ಆಸುಪಾಸು ಸಾಕು. ದಿನಕ್ಕೆ 10 ಗಂಟೆಯಂತೆ ವರ್ಷದಲ್ಲಿ 300 ದಿನ ಓಡಿದರೆ 135 ಯೂನಿಟ್ ಉಳಿತಾಯ. ಯೂನಿಟ್ಟಿಗೆ 7 ರೂಪಾಯಿ ಹಿಡಿದರೆ 945 ರೂಪಾಯಿ. ಕೊಳ್ಳುವಾಗ ಒಂದೂವರೆ ಸಾವಿರ ಹೆಚ್ಚು ಕೊಟ್ಟಿದ್ದರೂ ಎರಡು ವರ್ಷದೊಳಗೆ ಅದು ತೀರಿತು. ಇಷ್ಟು ಸುಲಭದ ಲೆಕ್ಕ ನಮ್ಮ ಕಡತಗಳಲ್ಲಿ ಏಕಿಲ್ಲ? ಫ್ಯಾನಿನ ಹಣ ಒಂದು ಲೆಕ್ಕಶೀರ್ಷಿಕೆಯಲ್ಲಿ, ಕರೆಂಟ್ ಬಿಲ್ಲು ಇನ್ನೊಂದರಲ್ಲಿ. ಎರಡನ್ನೂ ಒಟ್ಟಿಗೆ ನೋಡುವವರು ಕಚೇರಿಯಲ್ಲಿ ಇಲ್ಲ. ಹೆಚ್ಚು ದರ ಕೊಟ್ಟವರಿಗೆ ಆಡಿಟ್ ಆಕ್ಷೇಪಣೆ ಬರುತ್ತದೆ. ಹತ್ತು ವರ್ಷ ಹೆಚ್ಚು ಬಿಲ್ಲು ಕಟ್ಟಿಸಿದವರನ್ನು ಯಾರೂ ಕೇಳುವುದಿಲ್ಲ. ಹಾಗಾಗಿ ಕಣ್ಣುಮುಚ್ಚಿ ಎಲ್-1, ಅಂದರೆ ಅತಿ ಕಡಿಮೆ ದರದ ಟೆಂಡರ್, ಹಿಡಿಯುವ ಅಧಿಕಾರಿಯನ್ನು ನಾನು ದೂರಲಾರೆ.

ಆದರೆ ಕಾನೂನು ಕೈಕಟ್ಟಿದೆ ಎಂಬ ಮಾತನ್ನು ಒಪ್ಪುವುದಿಲ್ಲ. ಸಾರ್ವಜನಿಕ ಸಂಗ್ರಹಣೆಗಳ ಪಾರದರ್ಶಕತೆಯ ಕರ್ನಾಟಕದ 1999ರ ಕಾಯ್ದೆಯಲ್ಲಿ ಕನಿಷ್ಠ ಟೆಂಡರ್ ಯಾವುದೆಂದು ತೀರ್ಮಾನವಾಗುವುದು ಟೆಂಡರ್ ದಾಖಲೆಯ ಆಧಾರದ ಮೇಲೆ. ಆ ದಾಖಲೆ ಬರೆಯುವವರು ನೀವೇ. 'ಸೀಲಿಂಗ್ ಫ್ಯಾನ್, 48 ಇಂಚು' ಎಂದಷ್ಟೇ ಇಂಡೆಂಟ್ ಹಾಕಿದರೆ ಬರುವುದು ಹಳೆಯ ಫ್ಯಾನೇ. ವ್ಯಾಟ್ ಮಿತಿ, ವಿದ್ಯುತ್ ದಕ್ಷತೆಯ ಬಿಇಇ ಸ್ಟಾರ್, ವಾರಂಟಿ ಎಲ್ಲವನ್ನೂ ಬರೆಯಿರಿ. ಆಮೇಲೆ ಧಾರಾಳವಾಗಿ ಎಲ್-1 ಆರಿಸಿ. ಆದರೆ ಆರ್ಥಿಕ ವರ್ಷ ಮುಗಿಯುವ ಮಾರ್ಚ್ 31ರ ಧಾವಂತದಲ್ಲಿ ಹೋದ ವರ್ಷದ ಇಂಡೆಂಟಿಗೇ ಹೊಸ ದಿನಾಂಕ ಹಾಕಿ ಕಳಿಸುವುದು ನಿಮಗೇನೂ ಹೊಸದಲ್ಲ, ಅಲ್ಲವೇ?

ದುಬಾರಿ ವಸ್ತು ದುಬಾರಿಯಾಗಿಯೇ ಉಳಿಯಬೇಕಾಗಿಯೂ ಇಲ್ಲ. 2014ರಲ್ಲಿ ಕೇಂದ್ರದ ಇಇಎಸ್‌ಎಲ್ ಸಂಸ್ಥೆ ಸಗಟಾಗಿ ಕೊಂಡ ಎಲ್‌ಇಡಿ ಬಲ್ಬಿನ ದರ 310 ರೂಪಾಯಿ. ಕೋಟಿಗಟ್ಟಲೆ ಬಲ್ಬುಗಳಿಗೆ ಮತ್ತೆ ಮತ್ತೆ ಟೆಂಡರ್ ಕರೆದು, ಮೂರು ವರ್ಷದೊಳಗೆ ಅದನ್ನು 40ಕ್ಕಿಂತ ಕೆಳಗಿಳಿಸಿತು. ಒಂದೊಂದು ಹಾಸ್ಟೆಲ್ ಐವತ್ತೈವತ್ತು ಫ್ಯಾನು ಕೊಂಡರೆ ಹೀಗೆ ದರ ಇಳಿಸುವ ಬಲ ಬರುವುದಿಲ್ಲ. ಇಲಾಖೆಗಳು ಬೇಡಿಕೆಯನ್ನು ಒಟ್ಟುಗೂಡಿಸಬೇಕು.

ಮಳಿಗೆಯವರಿಗೂ ಒಂದು ಮಾತು. ಹಸಿರು ಎಲೆಯ ಚಿತ್ರ ಅಂಟಿಸಿದ ಮಾತ್ರಕ್ಕೆ ಯಾವ ಚೀಲವೂ ಮಣ್ಣಾಗುವುದಿಲ್ಲ. ಗೊಬ್ಬರವಾಗುವ ಪ್ಲಾಸ್ಟಿಕ್ಕಿಗೆ ಕೊಡುವ ಐಎಸ್ 17088 ಪ್ರಮಾಣಪತ್ರವಿದ್ದರೆ ಮುಂದಿಡಿ.

ಪ್ರದರ್ಶನ ಉದ್ಘಾಟನೆಯಾಗಿದೆ ಎಂದು ಸಂತೋಷದಿಂದ ಘೋಷಿಸುತ್ತೇನೆ. ಅಧಿಕಾರಿಗಳೇ, ದರಪಟ್ಟಿ ಪಡೆಯುವಾಗ ಬಿಡಿಭಾಗ ಎಲ್ಲಿ ಸಿಗುತ್ತದೆ, ಕೆಟ್ಟ ಮಾಲನ್ನು ವಾಪಸ್ ಒಯ್ಯುತ್ತಾರೆಯೇ ಎಂಬುದನ್ನೂ ಅದರಲ್ಲೇ ಬರೆಸಿಕೊಳ್ಳಿ.