ತಳಿಯ ಹೆಸರು, ಮನೆಯ ಹೊಣೆ

ರಾಟ್‌ವೈಲರ್ ಅಥವಾ ಪಿಟ್‌ಬುಲ್ ಸಾಕಿದ ಮನೆಯವರು ಬೆಳಿಗ್ಗೆ ನಾಯಿಯನ್ನು ಬೀದಿಗೆ ಕರೆತಂದರೆ ಎದುರು ಬರುವವರು ಆಚೆ ಬದಿಗೆ ಸರಿದು ಹೋಗುತ್ತಾರೆ. ಅದರ ಜೊತೆ ಲಿಫ್ಟ್ ಹತ್ತಲು ನೆರೆಯವರು ಒಪ್ಪುವುದಿಲ್ಲ. ಬಾಡಿಗೆ ಮನೆ ಕೇಳಲು ಹೋದಲ್ಲಿ ತಳಿಯ ಹೆಸರು ಹೇಳಿದೊಡನೆ ಮಾತು ಮುಗಿಯುತ್ತದೆ. ಆ ನಾಯಿ ಇದುವರೆಗೆ ಯಾರ ಮೇಲೂ ಗುರ್ ಎಂದಿರದಿದ್ದರೂ ಇದೇ ಪಾಡು. ತಮ್ಮ ಮಕ್ಕಳ ಜೊತೆ ಬೆಳೆದ ಪ್ರಾಣಿಯನ್ನು ಊರಿನವರು ಕೊಲೆಗಾರನನ್ನು ನೋಡುವಂತೆ ನೋಡಿದರೆ ಯಾವ ಮನೆಯವರಿಗಾದರೂ ಹೊಟ್ಟೆ ಉರಿಯುತ್ತದೆ. ಹೆಸರು ಕೇಳಿ ನಾಯಿಗೆ ತೀರ್ಪು ಕೊಡುವುದು ತಪ್ಪು ಎಂದೇ ನನ್ನ ವಾದ. ಆದರೆ ‘ನಮ್ಮ ನಾಯಿ ಏನೂ ಮಾಡಲ್ಲ’ ಎಂದು ಹೇಳಿಕೊಂಡು ತಿರುಗುವುದರಿಂದ ಆ ತಪ್ಪು ಸರಿಹೋಗುವುದಿಲ್ಲ. ಮನೆಯವರು ನಾಲ್ಕು ಜನಕ್ಕೆ ಕಾಣುವಂತೆ ಹೊಣೆ ಹೊತ್ತುಕೊಳ್ಳಬೇಕು.

ಈ ಪ್ರಶ್ನೆ ನಮ್ಮ ನಾಡಿನ ನ್ಯಾಯಾಲಯದ ಕಟ್ಟೆಯನ್ನೂ ಹತ್ತಿದೆ. 2024ರ ಮಾರ್ಚ್ 12ರಂದು ಕೇಂದ್ರದ ಪಶುಸಂಗೋಪನಾ ಇಲಾಖೆ ರಾಜ್ಯಗಳಿಗೆಲ್ಲ ಒಂದು ಸುತ್ತೋಲೆ ಕಳಿಸಿತು. ಪಿಟ್‌ಬುಲ್, ರಾಟ್‌ವೈಲರ್, ಕೇನ್ ಕೋರ್ಸೋ, ಡೋಗೋ ಅರ್ಜೆಂಟೀನೋ ಮೊದಲಾದ 23 ಬಗೆಯ ನಾಯಿಗಳನ್ನು ತರಿಸುವುದು, ಸಾಕಿ ಮರಿ ಮಾಡಿಸುವುದು, ಮಾರುವುದು ಕೂಡದು, ಈಗಾಗಲೇ ಮನೆಗಳಲ್ಲಿರುವ ನಾಯಿಗಳಿಗೆ ಸಂತಾನಹರಣ ಚಿಕಿತ್ಸೆ ಮಾಡಿಸಬೇಕು ಎಂಬುದು ಅದರ ಸಾರ. ಆ ಪಟ್ಟಿಯಲ್ಲಿ ‘ಬ್ಯಾನ್‌ಡಾಗ್’ ಎಂಬ ಹೆಸರೂ ಇತ್ತು. ಅದು ಒಂದು ತಳಿಯೇ ಅಲ್ಲ, ಕಾವಲಿಗೆಂದು ಬೆರಕೆ ಮಾಡಿದ ದಪ್ಪ ನಾಯಿಗಳನ್ನು ಒಟ್ಟಾಗಿ ಕರೆಯುವ ಬಳಕೆಯ ಮಾತು. ಅದೇ ವರ್ಷ ಏಪ್ರಿಲ್ 10ರಂದು ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರು ಈ ಸುತ್ತೋಲೆಯನ್ನು ರದ್ದುಮಾಡಿದರು. ಸಂಬಂಧಪಟ್ಟವರ ಅಹವಾಲು ಕೇಳಿರಲಿಲ್ಲ, ಶಿಫಾರಸು ಮಾಡಿದ ಸಮಿತಿಯ ರಚನೆಯೂ ನಿಯಮದಂತೆ ಆಗಿರಲಿಲ್ಲ ಎಂಬುದು ಮುಖ್ಯ ಕಾರಣ. ಎಲ್ಲರ ಮಾತು ಕೇಳಿ ಹೊಸ ನಿಯಮ ತರಲು ಸರ್ಕಾರಕ್ಕೆ ದಾರಿ ತೆರೆದೇ ಇದೆ. ಹಾಗಾಗಿ ತೀರ್ಪು ನಾಯಿಗಳಿಗೆ ‘ನಿರಪರಾಧಿ’ ಎಂಬ ಸರ್ಟಿಫಿಕೇಟ್ ಕೊಟ್ಟಿತೆಂದು ಯಾರೂ ತಿಳಿಯಬಾರದು. ತಳಿಯ ಹೆಸರಿನಿಂದ ಅಪಾಯವನ್ನು ಅಳೆಯಬಹುದೇ ಎಂಬ ಪ್ರಶ್ನೆಯನ್ನು ನಾವೇ ಬಿಡಿಸಿ ನೋಡಬೇಕಾಗುತ್ತದೆ.

ಹಾಗೆ ಅಳೆಯಲಾಗದು ಎಂಬುದಕ್ಕೆ ಸಾಕಷ್ಟು ಪುರಾವೆ ಸಿಕ್ಕಿದೆ. ಅಮೆರಿಕದಲ್ಲಿ 2000ದಿಂದ 2009ರವರೆಗೆ ನಾಯಿ ಕಡಿತದಿಂದ ಸಾವು ಸಂಭವಿಸಿದ 256 ಪ್ರಕರಣಗಳನ್ನು ಪೊಲೀಸರ ದಾಖಲೆ ಸಮೇತ ಕೂಲಂಕಷವಾಗಿ ನೋಡಿದ ಅಧ್ಯಯನವೊಂದು 2013ರಲ್ಲಿ ಪ್ರಕಟವಾಯಿತು. ಅವುಗಳಲ್ಲಿ ಮತ್ತೆ ಮತ್ತೆ ಕಂಡದ್ದು ಏನು? ನೂರಕ್ಕೆ 87 ಪ್ರಕರಣಗಳಲ್ಲಿ ಬಿಡಿಸಲು ಶಕ್ತರಾದವರು ಯಾರೂ ಹತ್ತಿರ ಇರಲಿಲ್ಲ. ನೂರಕ್ಕೆ 84ರಲ್ಲಿ ನಾಯಿಗೆ ಸಂತಾನಹರಣ ಆಗಿರಲಿಲ್ಲ. ನೂರಕ್ಕೆ 76ರಲ್ಲಿ ಆ ನಾಯಿ ಮನೆಯವರೊಡನೆ ಒಡನಾಡಿ ಬೆಳೆದದ್ದಲ್ಲ, ಹಿತ್ತಲಲ್ಲೋ ಸರಪಳಿಯಲ್ಲೋ ದೂರ ಇಟ್ಟದ್ದು. ಹೆಚ್ಚಿನ ಸಾವುಗಳಲ್ಲಿ ಇಂಥ ನಾಲ್ಕಾರು ಕಾರಣಗಳು ಒಟ್ಟಿಗೆ ಸೇರಿದ್ದವು. ನಾಯಿಯ ತಳಿ ಇಂಥದೇ ಎಂದು ನಂಬಿಕೆಯಿಂದ ಹೇಳಲು ಸಾಧ್ಯವಾದದ್ದು ಐದರಲ್ಲೊಂದು ಪಾಲು ಪ್ರಕರಣಗಳಲ್ಲೂ ಅಲ್ಲ. 2022ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಇನ್ನೊಂದು ಅಧ್ಯಯನ 18,000ಕ್ಕೂ ಹೆಚ್ಚು ನಾಯಿಗಳ ನಡವಳಿಕೆಯ ಮಾಹಿತಿಯನ್ನು ಮಾಲೀಕರಿಂದ ಪಡೆದು, 2,000ಕ್ಕೂ ಹೆಚ್ಚು ನಾಯಿಗಳ ವಂಶವಾಹಿಯನ್ನು ಓದಿ, ಒಂದೊಂದು ನಾಯಿಯ ಸ್ವಭಾವದ ವ್ಯತ್ಯಾಸದಲ್ಲಿ ತಳಿಗೆ ಸಲ್ಲುವ ಪಾಲು ನೂರಕ್ಕೆ ಸುಮಾರು 9 ಮಾತ್ರ ಎಂದು ತೋರಿಸಿತು. ನೆದರ್ಲೆಂಡ್ಸ್ 1993ರಲ್ಲಿ ಪಿಟ್‌ಬುಲ್ ನಿಷೇಧಿಸಿ ಹದಿನೈದು ವರ್ಷ ನೋಡಿತು. ಕಡಿತ ಕಡಿಮೆಯಾಗಲಿಲ್ಲವೆಂದು 2008ರಲ್ಲಿ ನಿಷೇಧವನ್ನು ಕೈಬಿಟ್ಟಿತು. ನಿಷೇಧದ ವಿಷಯದಲ್ಲಿ ಪ್ರಾಮಾಣಿಕವಾಗಿ ಲೆಕ್ಕ ಹಾಕಿ ಹಿಂದೆಗೆದ ಆ ಸರ್ಕಾರದ ಧೈರ್ಯವನ್ನು ನಾನು ಮೆಚ್ಚುತ್ತೇನೆ.

ಭಯ ಕೂಡ ಕಾಲಕ್ಕೆ ತಕ್ಕಂತೆ ತಳಿ ಬದಲಾಯಿಸುತ್ತದೆ. ಇಂದು ನಮ್ಮ ಪೊಲೀಸ್ ಶ್ವಾನದಳದಲ್ಲಿ ಗೌರವದಿಂದ ಕೆಲಸ ಮಾಡುವ ಜರ್ಮನ್ ಶೆಫರ್ಡನ್ನು ಆಸ್ಟ್ರೇಲಿಯಾ 1929ರಿಂದ 1970ರ ದಶಕದವರೆಗೆ ದೇಶದೊಳಗೆ ಬಿಟ್ಟುಕೊಳ್ಳಲಿಲ್ಲ. ಅಲ್ಲಿನ ಕಾಡುನಾಯಿ ಡಿಂಗೋ ಜೊತೆ ಕೂಡಿ ಕುರಿ ತಿನ್ನುವ ಸಂತತಿ ಹುಟ್ಟೀತು ಎಂಬ ಹೆದರಿಕೆ! ಬ್ರಿಟನ್ನಿನ 1991ರ ಅಪಾಯಕಾರಿ ನಾಯಿಗಳ ಕಾಯ್ದೆ ಇನ್ನೊಂದು ಬಗೆಯ ಸಂಕಟ ತಂದಿತು. ಅಲ್ಲಿ ಪಿಟ್‌ಬುಲ್ ಎನ್ನಲು ವಂಶದ ಕಾಗದ ಬೇಡ, ತಲೆ, ಎದೆ, ಕಾಲುಗಳ ಆಕಾರ ಹೋಲಿದರೆ ಸಾಕು. ಬೆಲ್‌ಫಾಸ್ಟ್‌ನ ಒಂದು ಕುಟುಂಬದ ಲೆನಕ್ಸ್ ಎಂಬ ನಾಯಿಯನ್ನು 2010ರಲ್ಲಿ ಹೀಗೆ ಮೈ ಅಳೆದು ಹಿಡಿದೊಯ್ದರು. ಅದು ಯಾರನ್ನೂ ಕಡಿದಿರಲಿಲ್ಲ. ಎರಡು ವರ್ಷ ಕೋರ್ಟು ಅಲೆದ ಮೇಲೆ 2012ರ ಜುಲೈಯಲ್ಲಿ ಅದನ್ನು ಕೊಲ್ಲಲಾಯಿತು. ಮಾಡಿದ ಕೆಲಸಕ್ಕಲ್ಲದೆ ಮೈಕಟ್ಟಿಗೆ ಶಿಕ್ಷೆ ಕೊಡುವ ಕಾನೂನು ಎಲ್ಲಿಗೆ ಹೋಗಿ ನಿಲ್ಲುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಕಿಲ್ಲ.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ, ಅದು ಹಗುರವಾದದ್ದಲ್ಲ. ಪೊಮೇರಿಯನ್ ಕಡಿದರೆ ಇಂಜೆಕ್ಷನ್ ಹಾಕಿಸಿಕೊಂಡು ಮನೆಗೆ ಬರಬಹುದು, ನಲವತ್ತು ಐವತ್ತು ಕಿಲೋ ತೂಗುವ ನಾಯಿ ಮೇಲೆರಗಿದರೆ ಜೀವವೇ ಹೋಗುತ್ತದಲ್ಲ? ನಿಜ. 2022ರ ಜುಲೈಯಲ್ಲಿ ಲಕ್ನೋದಲ್ಲಿ ವೃದ್ಧೆಯೊಬ್ಬರು ತಮ್ಮದೇ ಮನೆಯ ಪಿಟ್‌ಬುಲ್ ದಾಳಿಗೆ ಬಲಿಯಾದರು. ಅಂಥ ಸಾವಿನ ಮುಂದೆ ಅಂಕಿಅಂಶ ಹಿಡಿದು ವಾದಿಸುವುದು ಕಟುಕತನ. ನಾಯಿಪ್ರಿಯರು ಬಲದ ಮಾತನ್ನು ಅಲ್ಲಗಳೆಯುವುದನ್ನು ಮೊದಲು ನಿಲ್ಲಿಸಬೇಕು. ಆದರೆ ಬಲವೇ ಕಾರಣವಾದರೆ ನಿಯಮವನ್ನೂ ಬಲಕ್ಕೆ ತಕ್ಕಂತೆ ಮಾಡಬೇಕಲ್ಲವೇ? ಇಷ್ಟು ತೂಕಕ್ಕೆ ಮೀರಿದ ನಾಯಿಗೆ, ಅದು ಯಾವ ತಳಿಯದೇ ಆಗಲಿ, ಲೈಸೆನ್ಸು, ತರಬೇತಿ, ಗಟ್ಟಿ ಕಾಂಪೌಂಡು ಕಡ್ಡಾಯ ಎನ್ನಲಿ. ಪಿಟ್‌ಬುಲ್ ಹೆಸರು ಮಾತ್ರ ಪಟ್ಟಿಯಲ್ಲಿದ್ದರೆ, ಕಾದಾಟಕ್ಕೆ ನಾಯಿ ಸಾಕುವವನು ನಾಳೆ ಇನ್ನೊಂದು ತಳಿಯನ್ನು ತರುತ್ತಾನೆ.

‘ಕಾದಾಡಲೆಂದೇ ಹುಟ್ಟಿಸಿದ ರಕ್ತ ಅದು, ಬದಲಾದೀತೇ’ ಎಂದು ಕೇಳುವವರೂ ಇದ್ದಾರೆ. 2007ರಲ್ಲಿ ಅಮೆರಿಕದ ಫುಟ್‌ಬಾಲ್ ತಾರೆ ಮೈಕೆಲ್ ವಿಕ್‌ಗೆ ಸೇರಿದ ಜಾಗದಿಂದ ಐವತ್ತೊಂದು ಪಿಟ್‌ಬುಲ್‌ಗಳನ್ನು ವಶಪಡಿಸಿಕೊಂಡರು. ಎಲ್ಲವೂ ನಾಯಿಜೂಜಿಗೆಂದು ಇಟ್ಟಿದ್ದವು. ಆವರೆಗಿನ ವಾಡಿಕೆ ಅಂಥ ನಾಯಿಗಳನ್ನು ಸಾರಾಸಗಟಾಗಿ ಕೊಂದುಬಿಡುವುದು. ಈ ಬಾರಿ ತಜ್ಞರು ಒಂದೊಂದನ್ನೂ ಬೇರೆಬೇರೆಯಾಗಿ ಪರೀಕ್ಷಿಸಿದರು. ಹೆಚ್ಚುಕಡಿಮೆ ಎಲ್ಲವೂ ಉಳಿದುಕೊಂಡವು, ಹಲವು ಸಂಸಾರಗಳಲ್ಲಿ ಮಕ್ಕಳ ನಡುವೆ ಬಾಳಿದವು. ತಲೆಮಾರುಗಳ ಆಯ್ಕೆಯಿಂದ ನಾಯಿಯ ಮೈಕಟ್ಟು, ಚುರುಕು, ಹಟ ಬರುತ್ತವೆ, ಅದನ್ನು ಯಾರೂ ನಿರಾಕರಿಸುವುದಿಲ್ಲ. ಮನುಷ್ಯನ ಮೇಲೆ ಹರಿಹಾಯುವ ಗುಣ ಅದರ ಜೊತೆಗೇ ಕಡ್ಡಾಯವಾಗಿ ಬರುತ್ತದೆ ಎಂಬುದಕ್ಕೆ ಆಧಾರವಿಲ್ಲ.

ಸಿಟ್ಟಿನ ಭರದಲ್ಲಿ ಕೆಲವರು ‘ಇದೂ ಒಂದು ಜಾತಿಭೇದ’ ಎನ್ನುವುದುಂಟು. ಆ ಹೋಲಿಕೆಯನ್ನು ನಾನು ಒಪ್ಪಲಾರೆ. ನಾಯಿಯ ತಳಿ ಮನುಷ್ಯ ಬೇಕೆಂದೇ ಆರಿಸಿ ಬೆಳೆಸಿದ್ದು, ಅದರಲ್ಲಿ ನಿಜವಾದ ದೈಹಿಕ ವ್ಯತ್ಯಾಸಗಳಿವೆ. ಮನುಷ್ಯರ ನಡುವೆ ಹುಟ್ಟಿನಿಂದ ಮೇಲುಕೀಳು ಮಾಡಿದ್ದು ಬರೀ ಅನ್ಯಾಯ. ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟರೆ ಶತಮಾನಗಳಿಂದ ನೊಂದವರಿಗೆ ಅವಮಾನ ಮಾಡಿದಂತೆ.

ಹಾಗಾದರೆ ಮನೆಯವರು ಏನು ಮಾಡಬೇಕು? ಎದುರಿನವರ ಹೆದರಿಕೆಯನ್ನು ಅವಮಾನವೆಂದು ತಿಳಿಯದೆ ಮಾಹಿತಿಯೆಂದು ತಿಳಿಯಲಿ. ಲಿಫ್ಟಿನ ಬಾಗಿಲು ತೆರೆದಾಗ ಒಳಗೆ ಯಾರಾದರೂ ಇದ್ದರೆ ‘ನೀವು ಹೋಗಿ, ನಾವು ಆಮೇಲೆ ಬರ್ತೀವಿ’ ಎಂದರೆ ಒಂದು ನಿಮಿಷ ನಷ್ಟ, ಆದರೆ ಒಬ್ಬ ನೆರೆಯವರ ವಿಶ್ವಾಸ ಲಾಭ. ಚೈನು ದೊಡ್ಡವರ ಕೈಯಲ್ಲೇ ಇರಲಿ, ನಾಯಿಯನ್ನು ಹಿಡಿದು ನಿಲ್ಲಿಸಲಾರದ ಹತ್ತು ವರ್ಷದ ಮಗುವಿನ ಕೈಗೆ ಬೇಡ. ನಾಯಿಯ ಮೈಭಾಷೆ ಮನೆಮಂದಿಗೆಲ್ಲ ಗೊತ್ತಿರಬೇಕು. ಅಪರಿಚಿತರು ತಲೆ ಸವರಲು ಬಂದಾಗ ಅದು ಮುಖ ಆಚೆ ತಿರುಗಿಸಿ ಮತ್ತೆ ಮತ್ತೆ ತುಟಿ ನೆಕ್ಕಿಕೊಂಡರೆ, ಕಣ್ಣಿನ ಬಿಳಿ ಕಾಣುವಂತೆ ಓರೆಯಾಗಿ ನೋಡಿದರೆ, ಮೈ ಸೆಟೆದು ಬಾಲದ ಅಲುಗಾಟ ನಿಂತರೆ, ‘ಸಾಕು, ದೂರ ಇರಿ’ ಎಂದು ಹೇಳುತ್ತಿದೆ. ಈ ಮಾತು ಕೇಳಿಸಿಕೊಳ್ಳದೆ ಹೋದಾಗಲೇ ಬಹಳಷ್ಟು ಕಡಿತಗಳು ಆಗುವುದು. ದಿನವಿಡೀ ಟೆರೇಸಿನ ಬಿಸಿಲಲ್ಲಿ ಸರಪಳಿ ಹಾಕಿ ಕಟ್ಟಿದ ಕಾವಲು ನಾಯಿಗೆ ಈ ಮಾತು ಆಡಲು ಜೊತೆಗೆ ಜನವೂ ಇರುವುದಿಲ್ಲ. ಅಂಥ ಮನೆಯ ಬಗ್ಗೆ ನೆರೆಯವರು ದೂರಿದರೆ ಅದು ಪೂರ್ವಗ್ರಹವಲ್ಲ.

ಅಪಾರ್ಟ್‌ಮೆಂಟ್ ಸಂಘಗಳಿಗೂ ಒಂದು ಮಾತು. ಬಹುಮತದಿಂದಲೂ ಸಾಕುಪ್ರಾಣಿಯನ್ನು ಹೊರಹಾಕುವಂತಿಲ್ಲ ಎಂದು ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿ ಹೇಳುತ್ತದೆ. ನಿರ್ಲಕ್ಷ್ಯದಿಂದ ಪ್ರಾಣಿ ಸಾಕಿ ಇನ್ನೊಬ್ಬರ ಜೀವಕ್ಕೆ ಅಪಾಯ ತಂದವರಿಗೆ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಮಿನಡಿ ಆರು ತಿಂಗಳವರೆಗೆ ಸೆರೆವಾಸವೋ ಐದು ಸಾವಿರ ರೂಪಾಯಿವರೆಗೆ ದಂಡವೋ ಅಥವಾ ಎರಡೂ ಆಗಬಹುದು. ಈ ಕಲಮಿನಲ್ಲಿ ಯಾವ ತಳಿಯ ಹೆಸರೂ ಇಲ್ಲ, ಹೊಣೆ ನಾಯಿ ಇಟ್ಟುಕೊಂಡವರದು. ಸಂಘದ ಸಭೆಯಲ್ಲಿ ‘ನಿಮ್ಮದು ಯಾವ ತಳಿ’ ಎಂದು ಕೇಳುವ ಬದಲು, ರೇಬೀಸ್ ಲಸಿಕೆಯ ಕಾರ್ಡು ತೋರಿಸಿ, ಸಂತಾನಹರಣ ಆಗಿದೆಯೇ, ಹೊರಗೆ ಕರೆತರುವವರು ಯಾರು, ಹಿಂದೆ ಯಾರನ್ನಾದರೂ ಕಡಿದಿದೆಯೇ ಎಂದು ಕೇಳಲಿ. ಲ್ಯಾಬ್ರಡಾರ್ ಸಾಕಿದವರನ್ನೂ ಇದೇ ನಾಲ್ಕು ಪ್ರಶ್ನೆ ಕೇಳಲಿ.