ಕೊಬ್ಬರಿಯ ರಫ್ತು ಮತ್ತು ಪ್ರಮಾಣಪತ್ರಗಳು
(ಶಾಲೆಯ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಪೊಳ್ಳಾಚಿ, ಉಡುಮಲಪೇಟೆಗಳ ತೋಟಗಳ ತೆಂಗಿನಕಾಯಿ ಕಾಂಗೇಯಂ ಕಡೆಯ ಕಣಗಳಲ್ಲಿ ಬಿಸಿಲುಂಡು ಕೊಬ್ಬರಿಯಾಗುವುದನ್ನು ನೀವೆಲ್ಲರೂ ಕಂಡಿರುವಿರಿ. ನಿಮ್ಮಲ್ಲಿ ಕೆಲವರ ಮನೆಗಳಿಗೆ ಅದೇ ಜೀವನಾಧಾರ. ಕೊಬ್ಬರಿಯನ್ನಾಗಲಿ, ಒಣ ತೆಂಗಿನ ತುರಿಯನ್ನಾಗಲಿ ಪರದೇಶಕ್ಕೆ ಕಳುಹಿಸಬಯಸುವವರು ಮೊದಲು ಕೇಳುವುದು, "ಎಷ್ಟು ಸರ್ಟಿಫಿಕೇಟು ಬೇಕು?" ಎಂದು. ಯಾವುದು ಬೇಕು, ಏತಕ್ಕೆ ಬೇಕು ಎಂದು ಕೇಳುವುದು ಅದಕ್ಕಿಂತ ಲೇಸು.

ಮಕ್ಕಳೇ, ನಿಮ್ಮ ಅಂಕಪಟ್ಟಿ ನಿಮ್ಮ ನಡತೆಯನ್ನು ಹೇಳುವುದಿಲ್ಲ. ನಡತೆಯ ಪತ್ರ ನಿಮ್ಮ ಅಂಕಗಳನ್ನು ಹೇಳುವುದಿಲ್ಲ. ವ್ಯಾಪಾರದ ಪತ್ರಗಳೂ ಹಾಗೆಯೇ. ಒಂದೊಂದೂ ಒಂದೊಂದು ಪ್ರಶ್ನೆಗೆ ಮಾತ್ರ ಉತ್ತರ.

ಮೊದಲನೆಯವು ಕಾನೂನು ಕೇಳುವಂಥವು. ವಿದೇಶ ವ್ಯಾಪಾರ ಮಹಾನಿರ್ದೇಶನಾಲಯವು ಕೊಡುವ ಆಮದು-ರಫ್ತು ಸಂಕೇತಸಂಖ್ಯೆ ಹಾಗೂ 2006ರ ಆಹಾರ ಸುರಕ್ಷತಾ ಕಾಯಿದೆಯಂತೆ ಪಡೆಯುವ ಪರವಾನಗಿ ಈ ವರ್ಗಕ್ಕೆ ಸೇರಿದವು.

ಎರಡನೆಯದು ಸಸ್ಯಾರೋಗ್ಯ ಪ್ರಮಾಣಪತ್ರ. 1951ರ ಅಂತರರಾಷ್ಟ್ರೀಯ ಸಸ್ಯಸಂರಕ್ಷಣಾ ಒಡಂಬಡಿಕೆಯಂತೆ, ಕೊಳ್ಳುವ ದೇಶವು ಕೇಳಿದಲ್ಲಿ, ಆಯಾ ಸರಕನ್ನು ಪರೀಕ್ಷಿಸಿ ಸರ್ಕಾರದ ಅಧಿಕಾರಿಯೇ ಇದನ್ನು ಕೊಡತಕ್ಕದ್ದು. ಸರಕಿನೊಡನೆ ಕೀಟ, ಸಸ್ಯರೋಗಗಳು ಸಾಗುತ್ತಿಲ್ಲವೆಂಬುದಷ್ಟೇ ಇದರ ಸಾಕ್ಷ್ಯ. ಅದು ಉಣ್ಣಲು ಯೋಗ್ಯವೇ ಎಂಬುದನ್ನು ಈ ಪತ್ರ ಹೇಳದು.

ಆ ಪ್ರಶ್ನೆ ಚಿಕ್ಕದಲ್ಲ. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷಕ್ಕೂ ಮಿಕ್ಕಿ ಟರ್ಕಿ ಕೋಳಿಗಳು ಸತ್ತವು. ಅವು ತಿಂದ ಕಡಲೆಕಾಯಿ ಹಿಂಡಿಯಲ್ಲಿ ಬೂಷ್ಟಿನಿಂದ ಹುಟ್ಟಿದ ವಿಷವಿತ್ತು; ಅದಕ್ಕೆ ಅಫ್ಲಟಾಕ್ಸಿನ್ ಎಂದು ಹೆಸರಾಯಿತು. ಸರಿಯಾಗಿ ಒಣಗದ ಕೊಬ್ಬರಿಯ ಮೇಲೂ ಆ ಬೂಷ್ಟು ಬೆಳೆಯುತ್ತದೆ. ಹಸಿಯ ತಿರುಳಿನಲ್ಲಿ ಅರ್ಧದಷ್ಟು ನೀರಿದ್ದು, ಅದು ನೂರಕ್ಕೆ ಸುಮಾರು 6 ಪಾಲಿಗೆ ಇಳಿಯಬೇಕು. ಇದಕ್ಕೆ ಸಾಕ್ಷಿ ಪ್ರಯೋಗಾಲಯದ ವರದಿ.

ಮೂರನೆಯವು ಕೊಳ್ಳುವವನು ಕೇಳುವಂಥವು. ಕಾರ್ಖಾನೆಯ ಶುಚಿತ್ವದ ಕ್ರಮಕ್ಕೆ ಐ.ಎಸ್.ಒ. 22000, ಮುಸಲ್ಮಾನ ಗ್ರಾಹಕರಿಗಾಗಿ ಹಲಾಲ್, ಯೆಹೂದ್ಯರಿಗಾಗಿ ಕೋಷರ್, ಸಾವಯವವೆಂದು ಮಾರುವುದಾದರೆ 2001ರಲ್ಲಿ ಆರಂಭವಾದ ರಾಷ್ಟ್ರೀಯ ಸಾವಯವ ಉತ್ಪಾದನಾ ಕಾರ್ಯಕ್ರಮದ ಪ್ರಮಾಣಪತ್ರ. ಈ ಕಡೆಯದು ಹಣ ತೆತ್ತೊಡನೆ ದೊರೆಯುವಂಥದಲ್ಲ. ತೆಂಗಿನಂತಹ ಬಹುವಾರ್ಷಿಕ ಬೆಳೆಗೆ ಸಾಮಾನ್ಯವಾಗಿ 3 ವರ್ಷ ತೋಟವನ್ನು ನಿಯಮದಂತೆ ನಡೆಸಬೇಕು. ಮಳೆಗಾಲದಲ್ಲಿ ಬೂಷ್ಟಿಗೆ ಅಂಜಿ ಗಂಧಕದ ಹೊಗೆ ಕೊಟ್ಟ ಕೊಬ್ಬರಿಯನ್ನು ಸಾವಯವವೆಂದು ಮಾರುವಂತಿಲ್ಲ. ಯುರೋಪಿಗೆ ಹೋಗುವ ಆಹಾರದಲ್ಲಿ ಸಲ್ಫೈಟಿನ ಅಂಶ ಕಿಲೋಗ್ರಾಮಿಗೆ 10 ಮಿಲಿಗ್ರಾಮನ್ನು ಮೀರಿದರೆ, ಅದನ್ನು ಚೀಟಿಯ ಮೇಲೆ ತಿಳಿಸಲೇಬೇಕು.

ಆದುದರಿಂದ ಪೋಷಕ ಮಹನೀಯರಲ್ಲಿ ನನ್ನ ಬಿನ್ನಹವಿಷ್ಟು: ಯಾವ ದೇಶಕ್ಕೆ, ಯಾವ ರೂಪದಲ್ಲಿ, ಯಾರ ಊಟಕ್ಕೆ ಎಂಬುದನ್ನು ಮೊದಲು ನಿಶ್ಚಯಿಸಿರಿ. ಬೇಕಾದ ಪತ್ರಗಳ ಹೆಸರನ್ನು ಕೊಳ್ಳುವವನಿಂದ ಬರಹದಲ್ಲೇ ಪಡೆಯಿರಿ. ಬಳಿಕ ಹಣ ವೆಚ್ಚಮಾಡಿರಿ. ಕೇಳದ ಪತ್ರಕ್ಕೆ ಸಾಲಮಾಡುವುದು ಬೇಡ.

ವಿದ್ಯಾರ್ಥಿಗಳೇ, ಹಸಿ ಕೊಬ್ಬರಿಯನ್ನು ಒಣಗಿಸುವ ಶಕ್ತಿ ಯಾವ ಮುದ್ರೆಗೂ ಇಲ್ಲ. ಒಬ್ಬನು ಸುಳ್ಳು ಪತ್ರವಿಟ್ಟು ಕಳುಹಿಸಿದ ಮೂಟೆ ಹಿಂದಿರುಗಿದರೆ, ಅವನ ನೆರೆಯವನ ಒಳ್ಳೆಯ ಮೂಟೆಯನ್ನೂ ಜನರು ಸಂಶಯದಿಂದ ನೋಡುವರು. ನಾಳೆ ನೀವು ರುಜು ಹಾಕುವ ಕಾಗದದಲ್ಲಿ ನಿಮ್ಮ ಹೆಸರಿನೊಡನೆ ಈ ಸೀಮೆಯ ಹೆಸರೂ ಇರುತ್ತದೆ. ಓದಿ, ತಿಳಿದು, ನಿಜವಿದ್ದರೆ ಮಾತ್ರ ರುಜು ಹಾಕಿರಿ.