ಕವಚ ಕಳಚಿದ ಮೇಲೆ

(ಬೆಂಗಳೂರಿನ ಬಸವನಗುಡಿಯಲ್ಲಿ ಸೇರಿದ್ದ ಪರಿಸರಾಸಕ್ತರ ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹರೂಪ)



ಮಲೆನಾಡಿನಿಂದ ಬಂದವರು ಕಾಡಿನ ಬಗ್ಗೆಯೋ ನದಿಯ ಬಗ್ಗೆಯೋ ಮಾತನಾಡುತ್ತಾರೆಂದು ನೀವು ನಿರೀಕ್ಷಿಸಿರಬಹುದು. ನಾನು ಇಂದು ಆರಿಸಿಕೊಂಡಿರುವುದು ಕೈಗವಸು, ಮುಖಗವಸು, ಬೂಟು, ಮೇಲಂಗಿಗಳ ವಿಷಯ. ದುಡಿಯುವವರ ಮೈ ಕಾಯುವ ಈ ಉಡುಪುಗಳು ಯಾವುದರಿಂದ ಆಗಿವೆ, ಕೆಲಸ ಮುಗಿದ ಮೇಲೆ ಎಲ್ಲಿಗೆ ಹೋಗುತ್ತವೆ ಎಂಬ ಪ್ರಶ್ನೆ ನಮ್ಮ ಅಡಿಕೆ ತೋಟಕ್ಕೂ ನಿಮ್ಮ ಗಾಂಧಿಬಜಾರಿಗೂ ಸಮಾನವಾದುದು.

ನಮ್ಮ ಹಿರಿಯರಿಗೆ ಈ ಪ್ರಶ್ನೆ ಎದುರಾಗಿರಲಿಲ್ಲ. ಗೊರಬು, ಕಂಬಳಿಕೊಪ್ಪೆ, ಅಡಿಕೆ ಹಾಳೆಯ ಟೋಪಿ ಇವೆಲ್ಲ ಹರಿದು ಹಾಳಾದ ಮೇಲೆ ಮಣ್ಣಿಗೇ ಮರಳುತ್ತಿದ್ದವು. ಆದರೆ ಅವು ತಡೆಯುತ್ತಿದ್ದುದು ಮಳೆಯನ್ನು, ಬಿಸಿಲನ್ನು, ರಾಸಾಯನಿಕಗಳನ್ನಲ್ಲ. ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರಲ್ಲಿ ಅಡಿಕೆಯ ಕೊಳೆರೋಗದ ಬಗ್ಗೆ ವರದಿ ಪ್ರಕಟಿಸಿದರು; ಬೋರ್ಡೋ ದ್ರಾವಣದ ಸಿಂಪಡಣೆ ತೋಟಗಳಿಗೆ ಬಂದಿತು. ನೂರು ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ಆ ದ್ರಾವಣ ತೋಟಗಳನ್ನು ಉಳಿಸಿತೆಂಬುದು ನಿಜ. ಆದರೆ ತಾಮ್ರ ಮೂಲಧಾತು. ಅದು ಕೊಳೆತು ಇಲ್ಲವಾಗುವುದಿಲ್ಲ. ಮರದ ತುದಿಯಲ್ಲಿರುವ ಕೊನೆಗಾರನ ಅಂಗಿಗೆ ಸಿಡಿದದ್ದು ಒಗೆಯುವ ಕಲ್ಲಿಗೆ ಬರುತ್ತದೆ, ಅಲ್ಲಿಂದ ಹಳ್ಳಕ್ಕೆ ಹೋಗುತ್ತದೆ. ಒಗೆಯುವವಳು ಸಾಮಾನ್ಯವಾಗಿ ಆತನ ಹೆಂಡತಿ. ಅವಳ ಕೈಗೆ ಗವಸಿಲ್ಲ.

ಆದ್ದರಿಂದ ಉಡುಪಿನ ಬಗ್ಗೆ ಎರಡು ಪ್ರಶ್ನೆಗಳನ್ನು ಒಟ್ಟಿಗೇ ಕೇಳಬೇಕು: ಇದು ತೊಟ್ಟವನನ್ನು ಕಾಯುತ್ತದೆಯೇ? ಕಳಚಿದ ಮೇಲೆ ಮುಟ್ಟುವವರನ್ನು ಕಾಯುತ್ತದೆಯೇ?

ಉತ್ತರ ಬಹುಮಟ್ಟಿಗೆ ವಸ್ತುವಿನಲ್ಲೇ ಇದೆ. ಹತ್ತಿ ಬಟ್ಟೆ ಬೆವರನ್ನು ಹೀರುವಂತೆಯೇ ಕೀಟನಾಶಕವನ್ನೂ ಹೀರಿ ಚರ್ಮಕ್ಕೆ ತಾಗಿಸಿ ಹಿಡಿಯುತ್ತದೆ. ಒಮ್ಮೆ ಬಳಸಿ ಎಸೆಯುವ ಬಿಳಿ ಮೇಲಂಗಿ ಮತ್ತು ಮುಖಗವಸುಗಳು ಹೆಚ್ಚಾಗಿ ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕಿನ ಎಳೆಗಳು. ಅವು ಕೊಳೆಯುವುದಿಲ್ಲ, ಬಿಸಿಲಿಗೆ ಪುಡಿಯಾಗಿ ಸೂಕ್ಷ್ಮ ಪ್ಲಾಸ್ಟಿಕ್ ಆಗಿ ಉಳಿಯುತ್ತವೆ. ನೈಟ್ರೈಲ್ ಕೈಗವಸು ಕೃತಕ ರಬ್ಬರು. ಅನೇಕ ರಾಸಾಯನಿಕಗಳನ್ನು ಚೆನ್ನಾಗಿ ತಡೆಯುತ್ತದೆ, ಮಣ್ಣಿನಲ್ಲಿ ಮಾತ್ರ ಸುಲಭವಾಗಿ ಕರಗದು. ಅಗ್ಗದ ಗಂಬೂಟು, ರೇನ್‌ಕೋಟುಗಳಲ್ಲಿ ಅನೇಕವು ಪಿವಿಸಿ. ಅದರಲ್ಲಿ ಕ್ಲೋರಿನ್ ಇದೆ. ಬಚ್ಚಲ ಒಲೆಗೋ ಬೀದಿ ಬದಿಯ ತರಗೆಲೆಯ ಬೆಂಕಿಗೋ ಅದನ್ನು ಹಾಕಿದರೆ ಹೈಡ್ರೋಜನ್ ಕ್ಲೋರೈಡ್ ಮತ್ತು ಡಯಾಕ್ಸಿನ್‌ನಂತಹ ವಿಷಗಳು ಹುಟ್ಟುತ್ತವೆ. ಸುಟ್ಟರೆ ಮುಗಿಯಿತು ಎಂಬ ನಂಬಿಕೆಯನ್ನು ಮೊದಲು ಬಿಡಬೇಕು.

ಕಾನೂನು ಈ ಬಗ್ಗೆ ಯೋಚಿಸದೆ ಇಲ್ಲ. 1971ರ ಕೀಟನಾಶಕ ನಿಯಮಗಳು ರಕ್ಷಣಾ ಉಡುಪು ವಿಷ ಒಳಸೇರದಂತೆ ತಡೆಯಬೇಕು, ಪ್ರತಿ ಬಳಕೆಯ ನಂತರ ತೊಳೆಯುವಂತಿರಬೇಕು ಎಂದವು. ಖಾಲಿ ಡಬ್ಬಿಗಳು ಮರುಬಳಕೆಯಾಗದಂತೆ ವಿಲೇವಾರಿ ಮಾಡಬೇಕೆಂದೂ ಹೇಳಿದವು. ತೊಳೆದ ನೀರು ಯಾರ ಬಾವಿಗೆ ಹೋಗುತ್ತದೆ ಎಂಬುದನ್ನು ನೋಡಿಕೊಳ್ಳಬೇಕಾದವರು ನಾವು.

ಬೆಂಗಳೂರಿನಲ್ಲೇ ಆಗಿರುವ ಒಂದು ಒಳ್ಳೆಯ ಕೆಲಸವನ್ನು ಇಲ್ಲಿ ಸ್ಮರಿಸಬೇಕು. ಇನ್‌ಸ್ಟೆಮ್ ಸಂಸ್ಥೆಯ ವಿಜ್ಞಾನಿಗಳು ರೂಪಿಸಿದ ‘ಕಿಸಾನ್ ಕವಚ್’ ಉಡುಪು 2024ರ ಡಿಸೆಂಬರ್‌ನಲ್ಲಿ ಬಿಡುಗಡೆಯಾಯಿತು. ಅದರ ಬಟ್ಟೆಗೆ ತಾಗಿದ ಕೀಟನಾಶಕದ ಅಣುಗಳು ಅಲ್ಲಿಯೇ ಒಡೆದು ನಿಷ್ಕ್ರಿಯವಾಗುತ್ತವೆ. ಅದನ್ನು ಒಗೆದು ಮತ್ತೆ ಬಳಸಬಹುದು. ಆಗ ಹೇಳಿದ ಬೆಲೆ 4,000 ರೂಪಾಯಿ. ಕೂಲಿಯವನಿಗೆ ಇದು ಭಾರ. ತೋಟದ ಯಜಮಾನನೋ ಸಹಕಾರ ಸಂಘವೋ ಕೊಂಡು ಕೊಡಬೇಕು. ತಾಮ್ರದಂತಹ ಧಾತುವನ್ನು ಯಾವ ಬಟ್ಟೆಯೂ ಒಡೆಯಲಾರದೆಂಬುದೂ ನೆನಪಿರಲಿ.

ಇನ್ನು ನಿಮ್ಮ ಬೀದಿಗಳಿಗೆ ಬರೋಣ. 2020ರಲ್ಲಿ ಮುಖಗವಸು ಮನೆಮನೆಯ ಕಸವಾಯಿತು. ಬಳಸಿದ ಮುಖಗವಸು, ಕೈಗವಸುಗಳನ್ನು ಕಾಗದದ ಚೀಲದಲ್ಲಿ 72 ಗಂಟೆ ಇರಿಸಿ, ಕತ್ತರಿಸಿ ಹಾಕಿರೆಂದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಅಂದು ಸೂಚಿಸಿತ್ತು. ಅದಕ್ಕೂ ಮೊದಲೇ, 2015ರಲ್ಲಿ, ಉಚ್ಚ ನ್ಯಾಯಾಲಯ ಈ ನಗರಕ್ಕೆ ‘ಎರಡು ಬುಟ್ಟಿ, ಒಂದು ಚೀಲ’ದ ಪದ್ಧತಿಯನ್ನು ವಿಧಿಸಿತ್ತು. ಆದರೂ ತರಕಾರಿ ಸಿಪ್ಪೆಯ ನಡುವೆ ಕೈಗವಸು ಇಣುಕುವುದು ನಿಂತಿಲ್ಲ. ಬಸವನಗುಡಿಯಲ್ಲಾಗಲಿ ಮಲ್ಲೇಶ್ವರದಲ್ಲಾಗಲಿ, ಅದನ್ನು ಬೇರೆ ಮಾಡುವುದು ಪೌರಕಾರ್ಮಿಕರ ಕೈ. ನಮ್ಮನ್ನು ಕಾಯ್ದ ಉಡುಪು ಅವರಿಗೆ ಅಪಾಯವಾಗುವುದಾದರೆ ಅದನ್ನು ರಕ್ಷಣೆ ಎನ್ನಲಾಗದು. ಬೆರಕೆ ಕಸದ ಫಲವನ್ನು ಮಾವಳ್ಳಿಪುರ, ಮಂಡೂರುಗಳ ಜನ ಈಗಾಗಲೇ ಉಂಡಿದ್ದಾರೆ.

ಮಾಡಬಹುದಾದುದು ಕಷ್ಟವೇನಲ್ಲ. ತೊಳೆದು ಮರುಬಳಸಬಹುದಾದ ಉಡುಪನ್ನೇ ಕೊಳ್ಳಿರಿ. ಕೈಗವಸನ್ನು ಕಳಚುವ ಮೊದಲೇ ಸಾಬೂನಿನಿಂದ ತೊಳೆಯಿರಿ. ಸಿಂಪಡಣೆಯ ಬಟ್ಟೆಯನ್ನು ಮನೆಯ ಬಟ್ಟೆಯೊಡನೆ ಸೇರಿಸದೆ, ಕೈಗವಸು ತೊಟ್ಟು, ಹಳ್ಳ ಬಾವಿಗಳಿಂದ ದೂರದಲ್ಲಿ ಒಗೆಯಿರಿ. ನೀರು ಬೆರೆಸದ ಕೀಟನಾಶಕದಲ್ಲಿ ತೊಯ್ದ ಬಟ್ಟೆಯನ್ನು ಒಗೆದು ಉಳಿಸಲು ಹೋಗಬೇಡಿರಿ. ತ್ಯಜಿಸುವಾಗ ಮತ್ತೊಬ್ಬರು ತೊಡದಂತೆ ಕತ್ತರಿಸಿ, ಪ್ರತ್ಯೇಕವಾಗಿ ಕಟ್ಟಿ, ಒಳಗೇನಿದೆ ಎಂದು ಕನ್ನಡದಲ್ಲಿ ಬರೆದು, ಅಪಾಯಕಾರಿ ಕಸವೆಂದು ತಿಳಿಸಿಯೇ ಒಪ್ಪಿಸಿರಿ. ನೆಲ ಒರೆಸಲು ಬಳಸಬೇಡಿರಿ, ಸುಡಬೇಡಿರಿ.

ಕೊನೆಯದಾಗಿ ಒಂದು ಮಾತು. ಕಾಸರಗೋಡಿನ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದಾಗ ಕೆಳಗಿನ ಎಣ್ಮಕಜೆಯಂತಹ ಊರುಗಳ ಮಕ್ಕಳಿಗೆ ಯಾವ ಕವಚವೂ ಇರಲಿಲ್ಲ. 2011ರಲ್ಲಿ ಸರ್ವೋಚ್ಚ ನ್ಯಾಯಾಲಯ ಆ ವಿಷವನ್ನು ತಡೆಯುವ ವೇಳೆಗೆ ಒಂದು ತಲೆಮಾರು ನೊಂದಾಗಿತ್ತು. ಕವಚ ಕೊನೆಯ ರಕ್ಷಣೆ. ವಿಷವನ್ನು ಕಡಿಮೆ ಮಾಡುವುದು ಮೊದಲನೆಯದು. ಎಷ್ಟು ಸಿಂಪಡಿಸಬೇಕು, ಸಿಂಪಡಿಸಲೇಬೇಕೇ ಎಂದು ತೋಟದಲ್ಲಿಯೂ ತಾರಸಿಯ ಹೂಕುಂಡಗಳ ನಡುವೆಯೂ ಕೇಳಿಕೊಳ್ಳೋಣ. ತೊಡಲೇಬೇಕಾದ ಕವಚವನ್ನು ತೊಟ್ಟು, ಕಳಚಿದ ಮೇಲೆ ಅದರ ಹೊಣೆಯನ್ನೂ ಹೊರೋಣ.